ಅಕ್ಕನಿಗೆ ಸ್ತನ ಕ್ಯಾನ್ಸರ್, ಮೊದಲ ಕೀಮೋ ಆಗಿದೆ. ಖರ್ಚಿಗೆ, ಓಡಾಟಕ್ಕೆ, ಅವಳ ಮನಸ್ಸಿಗೆ ಏನು ಮಾಡಲಿ?

ದೀಪಾ, ರಾಣೆಬೆನ್ನೂರು

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನಿಗೆ 41 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಭಾವನದು ಗಾರೆ ಕೆಲಸ. ಮಗಳು ಎಸ್ಸೆಸ್ಸೆಲ್ಸಿ, ಮಗ ಆರನೇ ಕ್ಲಾಸು. ಬಲಗಡೆ ಎದೆಯಲ್ಲಿ ಗಂಟು ಅಂತ ತೋರಿಸಿದಾಗ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಗಾಬರಿಯಲ್ಲಿ ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿ ಆಪರೇಷನ್ ಮಾಡಿಸಿದೆವು. ಸ್ತನ ಪೂರ್ತಿ ತೆಗೆದಿದ್ದಾರೆ, ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಮೊದಲ ಕೀಮೋ ಕೂಡ ಅಲ್ಲೇ ಆಯಿತು. ಇನ್ನೂ ಏಳು ಕೀಮೋ, ಆಮೇಲೆ ರೇಡಿಯೇಷನ್ ಅಂತ ಹೇಳಿದ್ದಾರೆ.

ಬಿಪಿಎಲ್ ಕಾರ್ಡ್ ಇದೆ. ಆದರೆ ಆ ಆಸ್ಪತ್ರೆಯಲ್ಲಿ ಅದು ನಡೆಯುವುದಿಲ್ಲ ಅಂದರು. ಅಕ್ಕನ ಬಳೆ ಅಡ ಇಟ್ಟಾಯಿತು, ಸಂಘದ ಸಾಲ ತೆಗೆದಾಯಿತು. ಭಾವ ಈಗ ಅರ್ಧ ಎಕರೆ ಹೊಲ ಮಾರುವ ಮಾತಾಡುತ್ತಿದ್ದಾರೆ.

ದುಡ್ಡಿಗಿಂತ ಜಾಸ್ತಿ ಹೆದರಿಕೆ ಆಗುತ್ತಿರುವುದು ಅಕ್ಕನನ್ನು ನೋಡಿ. ಮಾತೇ ಆಡುವುದಿಲ್ಲ. ಹೊಲಿಗೆ ಮಷಿನ್ ಮೇಲೆ ಬೆಡ್‌ಶೀಟ್ ಹೊದಿಸಿಬಿಟ್ಟಿದ್ದಾಳೆ. ಅವಳ ಅತ್ತೆ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಅಂಟುತ್ತದೆ ಅಂತ ಅವರಿಗೆ ಯಾರೋ ಹೇಳಿದ್ದಾರಂತೆ. ನೋಡೋಕೆ ಬರುವವರು "ಯಾವ ಜನ್ಮದ ಕರ್ಮವೋ" ಅಂತ ಅವಳ ಎದುರಿಗೇ ಹೇಳಿ ಹೋಗುತ್ತಾರೆ. ನಾನು ಬೆಂಗಳೂರಿನಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಇದ್ದ ರಜೆಯೆಲ್ಲ ಮುಗಿದಿದೆ.

ಕಟ್ಟಿದ ದುಡ್ಡು ವಾಪಸ್ ಬರುತ್ತದಾ? ಬೆಂಗಳೂರಿಗೆ ಕರೆದುಕೊಂಡು ಬಂದರೆ ಎಲ್ಲಿ ಇರುವುದು? ನಾನಿರುವುದು ಪಿಜಿಯಲ್ಲಿ. ಅಕ್ಕ ಮತ್ತೆ ಹೊಲಿಯಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಬಸವರಾಜ (ಹಿಂದೆ ಆರೋಗ್ಯಮಿತ್ರ ಆಗಿದ್ದೆ)

ದೀಪಾ ಅವರೇ, ಮೊದಲು ಭಾವನಿಗೆ ಹೇಳಿ, ಹೊಲ ಮಾರುವುದು ಬೇಡ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕೀಮೋ, ರೇಡಿಯೇಷನ್ ಎರಡೂ ಅದರಲ್ಲಿ ಬರುತ್ತವೆ. ಆದರೆ ಯೋಜನೆಯಲ್ಲಿ ನೋಂದಣಿ ಆದ ಆಸ್ಪತ್ರೆಯಲ್ಲಿ ಮಾತ್ರ. ದುಡ್ಡು ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ, ನಿಮ್ಮ ಕೈಗೆ ಬರುವುದಿಲ್ಲ. ಹಾಗಾಗಿ ಈಗಾಗಲೇ ಕಟ್ಟಿದ್ದು ಈ ಯೋಜನೆಯಿಂದ ವಾಪಸ್ ಬರುವುದಿಲ್ಲ. ಬೇಸರದ ಮಾತು, ಆದರೆ ಅದರ ಹಿಂದೆ ಓಡಿ ಸಮಯ ಕಳೆಯಬೇಡಿ. ಮುಂದಿನ ಕೀಮೋಗಳನ್ನು ಯೋಜನೆಯೊಳಗೆ ತರುವುದೇ ಈಗಿನ ಕೆಲಸ.

ಎರಡನೇ ಕೀಮೋ ತಾರೀಖು ತಪ್ಪಬಾರದು. ಇವತ್ತೇ ಹಳೆಯ ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮರಿ, ಬಯಾಪ್ಸಿ ರಿಪೋರ್ಟ್, ಐಎಚ್‌ಸಿ ರಿಪೋರ್ಟ್ (ಯಾವ ಬಗೆಯ ಸ್ತನ ಕ್ಯಾನ್ಸರ್ ಅಂತ ತಿಳಿಸುವ ಪರೀಕ್ಷೆಯದು), ಮೊದಲ ಕೀಮೋದಲ್ಲಿ ಯಾವ ಔಷಧಿ ಎಷ್ಟು ಕೊಟ್ಟರು ಎಂಬ ಚೀಟಿ ತೆಗೆದುಕೊಳ್ಳಿ. ಲ್ಯಾಬ್‌ನಿಂದ ಬಯಾಪ್ಸಿ ತುಣುಕು ಇರುವ ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆಯಿರಿ. ಹೊಸ ಆಸ್ಪತ್ರೆಯವರು ಅದನ್ನು ಖಂಡಿತ ಕೇಳುತ್ತಾರೆ. ಕೊಡುವುದಿಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರಿ ಸಂಸ್ಥೆ, ಅಲ್ಲಿಗೆ ನೇರವಾಗಿ ಹೋಗಬಹುದು. ಖಾಸಗಿ ಆಸ್ಪತ್ರೆಯಲ್ಲಿ ಯೋಜನೆ ಬೇಕು ಅಂದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಆಸ್ಪತ್ರೆ ಒಳಗೆ ಹೋದ ಕೂಡಲೇ ಆರೋಗ್ಯಮಿತ್ರ, ಅಂದರೆ ಯೋಜನೆಯ ಕೆಲಸಕ್ಕೆ ರೋಗಿಗಳಿಗೆ ಸಹಾಯ ಮಾಡುವವರು, ಎಲ್ಲಿದ್ದಾರೆ ಅಂತ ಕೇಳಿ. ಆಧಾರ್, ರೇಷನ್ ಕಾರ್ಡ್ ಕೈಯಲ್ಲಿರಲಿ. ಅನುಮಾನ ಇದ್ದರೆ 1800 425 8330ಕ್ಕೆ ಫೋನ್ ಮಾಡಿ, ಅದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನದು. ಇದನ್ನು ಓದುವ ಎಪಿಎಲ್‌ನವರಿಗೂ ಒಂದು ಮಾತು. ನಿಮಗೂ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ. ಸುಮ್ನೆ ಬಿಡಬೇಡಿ.

ನಿಮ್ಮ ಭಾವನಿಗೆ ಲೇಬರ್ ಕಾರ್ಡ್ ಇದೆಯಾ? ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಆಗಿದ್ದರೆ ಕಾರ್ಮಿಕ ಚಿಕಿತ್ಸಾ ಭಾಗ್ಯ ಅಂತ ಇದೆ. ಕ್ಯಾನ್ಸರ್‌ಗೆ 2 ಲಕ್ಷದವರೆಗೆ ಸಹಾಯಧನ, ಅವಲಂಬಿತರಿಗೂ ಅನ್ವಯಿಸುತ್ತದೆ. ಆಪರೇಷನ್ ಬಿಲ್‌ಗೆ ಅದು ಒಂದು ದಾರಿ. ಇನ್ನೊಂದು ದಾರಿ ಮುಖ್ಯಮಂತ್ರಿ ಪರಿಹಾರ ನಿಧಿ. ಶಾಸಕರ ಕಚೇರಿಯಲ್ಲಿ ಪತ್ರ ಮಾಡಿಸಿಕೊಂಡು ಅರ್ಜಿ ಹಾಕಿ.

ಸರೋಜ, ತೀರ್ಥಹಳ್ಳಿ

ದೀಪಾ, ನನಗೂ ಇದೇ ಕಾಯಿಲೆ, ಇದೇ ಬಲಗಡೆ. ಕಿದ್ವಾಯಿಯಲ್ಲಿ ಚಿಕಿತ್ಸೆ ಆಯಿತು. ಈಗ ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ದಿನಾ ಟಾಮಾಕ್ಸಿಫೆನ್ ಮಾತ್ರೆ ನುಂಗಿಕೊಂಡು ಅಂಗನವಾಡಿ ಕೆಲಸಕ್ಕೆ ಹೋಗುತ್ತಿದ್ದೇನೆ. ಇದನ್ನು ನಿಮ್ಮಕ್ಕನಿಗೆ ಓದಿ ಹೇಳಿ.

ಬಸವರಾಜ ಅವರು ದುಡ್ಡಿನ ವಿಷಯ ಸರಿಯಾಗಿ ಹೇಳಿದ್ದಾರೆ. ಎಲ್ಲಿಗೆ ಹೋಗುವುದು ಅನ್ನುವುದನ್ನು ಮಾತ್ರ ಇನ್ನೊಮ್ಮೆ ಯೋಚಿಸಿ. ಕೀಮೋಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಹೋದರೆ ಆಗುತ್ತದೆ. ರೇಡಿಯೇಷನ್ ಹಾಗಲ್ಲ. ವಾರಕ್ಕೆ ಐದು ದಿನ, ಮೂರರಿಂದ ಐದು ವಾರ. ದಿನಾ ಕೊಡುವುದು ಕೆಲವೇ ನಿಮಿಷ, ಆದರೆ ಆ ಊರಲ್ಲೇ ಇರಬೇಕು. ಹಾಗಾಗಿ ರೇಡಿಯೇಷನ್ ಎಲ್ಲಿ ಅಂತ ಮೊದಲು ತೀರ್ಮಾನ ಮಾಡಿ. ನಿಮಗೆ ಬೆಂಗಳೂರಿಗಿಂತ ಹುಬ್ಬಳ್ಳಿ ಹತ್ತಿರ, ಅಲ್ವಾ? ಅಲ್ಲಿನ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಕಾರ್ಡ್ ಬಗ್ಗೆ ವಿಚಾರಿಸಿ. 2025ರಲ್ಲಿ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಶುರು ಮಾಡಿದೆ. ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ಕೇಳಿ. ಅಲ್ಲೇ ಆದರೆ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದು. ಮಕ್ಕಳ ಜೊತೆ ರಾತ್ರಿ ಮಲಗುವುದು ಅವಳಿಗೆ ಅರ್ಧ ಔಷಧಿ.

ಬೆಂಗಳೂರೇ ಅಂತಾದರೆ ಕಿದ್ವಾಯಿ ಆವರಣದಲ್ಲೇ ಧರ್ಮಶಾಲೆ ಇದೆ. ಜಾಗ ಬೇಗ ತುಂಬುತ್ತದೆ. ಹೋದ ದಿನವೇ ಸಮಾಜ ಕಾರ್ಯಕರ್ತರ ಕೋಣೆ ಹುಡುಕಿ, ಊರಿನಿಂದ ಬಂದಿದ್ದೇವೆ, ಇರಲು ಜಾಗ ಇಲ್ಲ ಅಂತ ನೇರವಾಗಿ ಹೇಳಿ. ನಾಚಿಕೆ ಬೇಡ. ಅವರು ಅಲ್ಲಿರುವುದೇ ಅದಕ್ಕೆ.

ಈಗ ಅಕ್ಕನ ವಿಷಯ. ಬಳೆ ಅಡ ಇಟ್ಟಿದ್ದು, ಹೊಲ ಮಾರುವುದು, ಈ ಮಾತು ಅವಳ ಹಾಸಿಗೆ ಪಕ್ಕ ಆಡಬೇಡಿ. ನಾನು ಕಣ್ಣು ಮುಚ್ಚಿ ಮಲಗಿದ್ದಾಗ ಎಲ್ಲ ಕೇಳಿಸುತ್ತಿತ್ತು. ನನ್ನಿಂದಲೇ ಮನೆ ಮುಳುಗಿತು ಅನ್ನಿಸುತ್ತಿತ್ತು. ಮಾತು ನಿಲ್ಲುವುದು ಅಲ್ಲಿಂದ. ಕಾಗದದ ಕೆಲಸ ಒಬ್ಬರು ನೋಡಲಿ. ಫೈಲು, ಫೋನು, ಅರ್ಜಿ ಎಲ್ಲ ಅವರದೇ. ದೂರದಿಂದ ಮಾಡಬಹುದಾದ ಕೆಲಸ ಅದು, ನೀವೇ ಇಟ್ಟುಕೊಳ್ಳಿ. ಅವಳ ಪಕ್ಕ ಕೂರುವವರು ಬೇರೆ ಇರಲಿ. ಎರಡನ್ನೂ ಒಬ್ಬರೇ ಮಾಡಲು ಹೋದರೆ ಫೈಲೂ ಕೆಡುತ್ತದೆ, ಮನುಷ್ಯರೂ ಕೆಡುತ್ತಾರೆ.

ಅತ್ತೆಯವರ ಜೊತೆ ಜಗಳ ಮಾಡಬೇಡಿ. ಮುಂದಿನ ಕೀಮೋಗೆ ಅವರನ್ನೂ ಕರೆದುಕೊಂಡು ಹೋಗಿ. ಅವರೆದುರೇ ಡಾಕ್ಟರನ್ನು ಕೇಳಿ, "ಇದು ಅಂಟುತ್ತದಾ, ಒಂದೇ ತಟ್ಟೆಯಲ್ಲಿ ಉಣ್ಣಬಹುದಾ" ಅಂತ. ಅಂಟುವುದಿಲ್ಲ ಅಂತ ನಾವು ಹೇಳಿದರೆ ಹಿರಿಯರು ನಂಬುವುದಿಲ್ಲ, ಡಾಕ್ಟರ್ ಹೇಳಿದರೆ ನಂಬುತ್ತಾರೆ. ನಮ್ಮ ಮನೆಯಲ್ಲಿ ಹಾಗೇ ಆಯಿತು. ಆಮೇಲೆ ನನ್ನ ಗಂಜಿಯನ್ನು ಅತ್ತೆಯೇ ಮಾಡಿದರು. ಕರ್ಮದ ಮಾತಾಡಲು ಬರುವವರಿಗೆ ಬಾಗಿಲಲ್ಲೇ "ಡಾಕ್ಟರ್ ಜನ ಸೇರಿಸಬೇಡಿ ಅಂದಿದ್ದಾರೆ" ಅನ್ನಿ. ಸುಳ್ಳೇನಲ್ಲ. ಕೀಮೋ ಆದ ಮೇಲೆ ಬಿಳಿ ರಕ್ತಕಣ ಇಳಿದಿರುತ್ತದೆ, ಬೇರೆಯವರ ನೆಗಡಿ, ಜ್ವರ ಬೇಗ ತಗಲುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ದಾಟಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ. ನಾಟಿ ಔಷಧಿ ತಂದುಕೊಡುವವರೂ ಬರುತ್ತಾರೆ. ಡಾಕ್ಟರಿಗೆ ತೋರಿಸದೆ ಏನೂ ಕುಡಿಸಬೇಡಿ.

"ಧೈರ್ಯ ತಗೋ" ಅಂತ ಅವಳಿಗೆ ಎಲ್ಲರೂ ಹೇಳಿಯಾಗಿದೆ. ನೀವು ಬೇರೆ ಏನಾದರೂ ಕೇಳಿ. ತಲೆ ಬಾಚಲಾ, ಕೂದಲು ಉದುರುವ ಮೊದಲೇ ಸಣ್ಣದಾಗಿ ಕತ್ತರಿಸೋಣವಾ, ಹೀಗೆ. ಆದರೆ ನಿದ್ದೆ ಪೂರ್ತಿ ಬಿಟ್ಟರೆ, ಊಟ ಬಿಟ್ಟರೆ, ಬದುಕಿ ಏನು ಮಾಡಲಿ ಅಂದರೆ ಅದನ್ನು ಬರೀ ಬೇಸರ ಅಂತ ಬಿಡಬೇಡಿ. 14416 ಟೆಲಿ ಮಾನಸ್ ನಂಬರು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳು ಮಾಡದಿದ್ದರೆ ನೀವೇ ಮಾಡಿ ಕೇಳಬಹುದು. ಕೀಮೋ ಕೊಡುವ ಡಾಕ್ಟರಿಗೂ ಈ ವಿಷಯ ಹೇಳಿ, ಅದೂ ಚಿಕಿತ್ಸೆಯದೇ ಭಾಗ.

ಹೊಲಿಯಬಹುದಾ ಅಂತ ಕೇಳಿದ್ದೀರಿ. ಹೊಲಿಯಬಹುದು. ಕಂಕುಳಿನ ಗಂಟು ತೆಗೆದಿರುವುದರಿಂದ ಆ ಕೈ ಊದಿಕೊಳ್ಳುವ ಸಾಧ್ಯತೆ ಇರುತ್ತದೆ. ಫಿಜಿಯೋಥೆರಪಿಯವರಿಂದ ಕೈ ವ್ಯಾಯಾಮ ಕಲಿಯಲಿ. ಗೋಡೆ ಮೇಲೆ ಬೆರಳು ಹತ್ತಿಸುವುದು ಮೊದಲಾದವು. ಆ ಕೈಗೆ ಬಿಪಿ ಪಟ್ಟಿ, ಇಂಜೆಕ್ಷನ್ ಬೇಡ ಅಂತ ಪ್ರತಿ ಸಲ ನರ್ಸಿಗೆ ನೆನಪಿಸಿ. ಸೂಜಿ ಚುಚ್ಚಿಸಿಕೊಳ್ಳದಂತೆ ಬೆರಳಿಗೆ ಟೋಪಿ ಹಾಕಿಕೊಳ್ಳಲಿ. ಮೊದಲು ಕಾಜಾ, ಗುಂಡಿಯಂಥ ಸಣ್ಣ ಕೆಲಸ, ಕೈ ಭಾರ ಅನ್ನಿಸಿದರೆ ನಿಲ್ಲಿಸುವುದು.

ಒಂದು ವಿಷಯ ಹೆಂಗಸರಿಗೆ ಯಾರೂ ಹೇಳುವುದಿಲ್ಲ. ಒಂದು ಕಡೆ ಖಾಲಿ ಇದ್ದರೆ ಸೆರಗು ನಿಲ್ಲುವುದಿಲ್ಲ, ಬೀದಿಗೆ ಹೋಗಲು ಮುಜುಗರ. ಅಂಗಡಿಯ ಸಿಲಿಕಾನ್ ದುಬಾರಿ. ನಾನು ಮೆತ್ತನೆ ಹತ್ತಿ ಬಟ್ಟೆಯ ಚೀಲ ಹೊಲಿದು, ಭಾರಕ್ಕೆ ಸಾಸಿವೆ ತುಂಬಿ, ಒಳಉಡುಪಿನಲ್ಲಿ ಜೇಬು ಮಾಡಿ ಇಟ್ಟುಕೊಂಡೆ. ಗಾಯ ಪೂರ್ತಿ ಒಣಗಿದ ಮೇಲೆ, ಡಾಕ್ಟರ್ ಸರಿ ಅಂದ ಮೇಲೆ. ನಿಮ್ಮಕ್ಕ ನನಗಿಂತ ಎಷ್ಟೋ ಚೆನ್ನಾಗಿ ಹೊಲಿಯುತ್ತಾಳೆ. ಅವಳಿಗೆ ನನ್ನದರ ಅಳತೆ ಬೇಕಿದ್ದರೆ ಬರೆದು ಕಳಿಸುತ್ತೇನೆ. ಹೆಂಗಸರ ಒಳಉಡುಪಿಗೆ ಹಾಗೆ ಜೇಬು ಹೊಲಿದು ಕೊಡುವವರು ನಮ್ಮ ಕಡೆ ಯಾರೂ ಇಲ್ಲ. ಅದನ್ನೂ ಅವಳಿಗೆ ಹೇಳಿ.

ಮಹೇಶ, ಹೊಸಪೇಟೆ

ನನ್ನ ಹೆಂಡತಿಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ದೀಪಾ ಅವರೇ, ನಿಮ್ಮ ಭಾವನ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಗಂಡಸರು ಹೊಲ ಮಾರೋಣ ಅನ್ನುವುದು ಬೇರೇನೂ ಮಾಡಲು ಗೊತ್ತಾಗದೆ ಇದ್ದಾಗ. ಅವರಿಗೆ ಒಂದು ಕೆಲಸ ಕೊಡಿ. ರೈಲಿನ ರಿಯಾಯಿತಿ ಫಾರಂ ಮಾಡಿಸುವುದು ಅವರಿಗೆ ಬಿಡಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟೈರ್ ಎಸಿಯಲ್ಲಿ ಟಿಕೆಟ್ ದರಕ್ಕೆ ಶೇ 100 ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಆಸ್ಪತ್ರೆಯಲ್ಲಿ ಫಾರಂಗೆ ಸಹಿ, ಸೀಲು ಹಾಕಿಸಿ ರಿಸರ್ವೇಷನ್ ಕೌಂಟರ್‌ನಲ್ಲಿ ಕೊಡಬೇಕು. ಬಸ್ಸಿನಲ್ಲಾದರೆ ಅಕ್ಕನಿಗೆ, ನಿಮಗೆ ಶಕ್ತಿ ಯೋಜನೆ ಇದ್ದೇ ಇದೆ, ಆದರೆ ಕೀಮೋ ಆದ ದಿನ ಸಾಮಾನ್ಯ ಬಸ್ಸಿನಲ್ಲಿ ಅಷ್ಟು ದೂರ ಕೂರುವುದು ಕಷ್ಟ. ರೈಲಿನಲ್ಲಿ ಮಲಗಬಹುದು.

ಮಗಳಿಗೆ ನಿಜ ಹೇಳಿ. ಹದಿನೈದು ವರ್ಷದ ಹುಡುಗಿಗೆ ಎಲ್ಲ ಗೊತ್ತಾಗಿರುತ್ತದೆ. ಅವಳ ಕ್ಲಾಸ್ ಟೀಚರ್‌ಗೂ ಒಂದು ಮಾತು ತಿಳಿಸಿ. ಪರೀಕ್ಷೆ ವರ್ಷ ಅಡುಗೆ ಮನೆ ಪೂರ್ತಿ ಅವಳ ತಲೆ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ಇನ್ನೊಂದು, ಚಿಕಿತ್ಸೆ ಮುಗಿದ ಮೇಲೆ ಫೋನುಗಳು ನಿಲ್ಲುತ್ತವೆ. ಎಲ್ಲರೂ ಸರಿಹೋಯಿತು ಅಂದುಕೊಳ್ಳುತ್ತಾರೆ. ನಮ್ಮವಳು ಜಾಸ್ತಿ ಅತ್ತಿದ್ದು ಆಗಲೇ. ಪ್ರತಿ ಚೆಕಪ್‌ಗೂ ಮುಂಚಿನ ವಾರ ನಿದ್ದೆ ಇರುತ್ತಿರಲಿಲ್ಲ. ಆ ವಾರಗಳಿಗೆ ಅಂತ ನಿಮ್ಮ ರಜೆ ಸ್ವಲ್ಪ ಉಳಿಸಿಕೊಳ್ಳಿ.

ದೀಪಾ, ರಾಣೆಬೆನ್ನೂರು

ಸರೋಜಕ್ಕ, ನೀವು ಬರೆದಿದ್ದನ್ನು ಅಕ್ಕನಿಗೆ ಫೋನಿನಲ್ಲೇ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು "ಸಾಸಿವೆ ಬಟ್ಟೆಯಿಂದ ಹೊರಗೆ ಬರಲ್ವಾ" ಅಂತ ಕೇಳಿದಳು. ಅಳತೆ ಕಳಿಸಿ ಅಕ್ಕ.

ಬಸವರಾಜ ಸರ್, ಭಾವನ ಲೇಬರ್ ಕಾರ್ಡ್ ಇದೆ, ಆದರೆ ನವೀಕರಣ ಮಾಡಿಸಿಲ್ಲ ಅನ್ನುತ್ತಿದ್ದಾರೆ. ಏನು ಮಾಡುವುದು?

ಸರೋಜ, ತೀರ್ಥಹಳ್ಳಿ

ಎರಡು ಪದರ ಬಟ್ಟೆ, ಒಳಗಿನದು ಒತ್ತಾದ ಪಾಪ್ಲಿನ್. ಹೊಲಿಗೆ ಎರಡು ಸಲ ಹಾಕಬೇಕು. ತೊಳೆಯುವಾಗ ಸಾಸಿವೆ ತೆಗೆಯಲು ಒಂದು ಬದಿ ಪ್ರೆಸ್ ಬಟನ್. ಅಳತೆ ನಾಳೆ ಕಳಿಸುತ್ತೇನೆ. ಅವಳದೇ ಪ್ರಶ್ನೆಗಳಿದ್ದರೆ ಅವಳೇ ಕೇಳಲಿ, ಸಂಜೆ ನಾನು ಬಿಡುವಾಗಿರುತ್ತೇನೆ.

ಬಸವರಾಜ (ಹಿಂದೆ ಆರೋಗ್ಯಮಿತ್ರ ಆಗಿದ್ದೆ)

ಕಾರ್ಡ್ ಯಾವ ತಾರೀಖಿನವರೆಗೆ ಇತ್ತು ಅಂತ ಮೊದಲು ನೋಡಿ. ಆಪರೇಷನ್ ಆದ ದಿನ ಚಾಲ್ತಿಯಲ್ಲಿ ಇದ್ದಿದ್ದರೆ ಆ ಬಿಲ್‌ಗೆ ಅರ್ಜಿ ಹಾಕಬಹುದಾ ಅಂತ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ. ಅರ್ಜಿಗೆ ಗಡುವು ಇರುತ್ತದೆ, ಈ ವಾರವೇ ಹೋಗಲಿ. ಮುಗಿದಿದ್ದರೂ ನವೀಕರಣ ಮಾಡಿಸಿ, ಮಕ್ಕಳ ಓದಿಗೂ ಮಂಡಳಿಯ ಸಹಾಯಧನ ಇದೆ. ಮೇಸ್ತ್ರಿಯಿಂದ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬರೆಸಿಕೊಳ್ಳಬೇಕಾಗುತ್ತದೆ.

ಬಿಲ್‌ಗಳ ಬಗ್ಗೆ ಎಚ್ಚರ. ಮಂಡಳಿಗೂ ಪರಿಹಾರ ನಿಧಿಗೂ ಒಂದೇ ಬಿಲ್ ಕೊಡಬೇಡಿ. ಆಪರೇಷನ್‌ದು ಒಂದು ಕಡೆ, ಮೊದಲ ಕೀಮೋ ಮತ್ತು ಟೆಸ್ಟ್‌ಗಳದು ಇನ್ನೊಂದು ಕಡೆ ಅಂತ ಬೇರೆ ಮಾಡಿ. ಮೂಲ ಪ್ರತಿ ಕೊಡುವ ಮೊದಲು ಎಲ್ಲದರ ಜೆರಾಕ್ಸ್ ತೆಗೆದು, ಅರ್ಜಿ ತಲುಪಿದ್ದಕ್ಕೆ ಸೀಲು ಹಾಕಿದ ಪ್ರತಿ ಕೇಳಿ ಪಡೆಯಿರಿ.