ಭಾರತದ ಸುಸ್ಥಿರ ಅಭಿವೃದ್ಧಿ ಅಂಕವನ್ನು ಹೇಗೆ ಓದಬೇಕು?

ಪ್ರಶ್ನೆ (ಮಂಡ್ಯ): ನೀತಿ ಆಯೋಗದ ಸುಸ್ಥಿರ ಅಭಿವೃದ್ಧಿ ಸೂಚ್ಯಂಕದಲ್ಲಿ 2018ರಲ್ಲಿ 57 ಇದ್ದ ಭಾರತದ ಅಂಕ 2023–24ರಲ್ಲಿ 71ಕ್ಕೆ ಏರಿದೆ. ಆದರೆ ನಮ್ಮೂರಿನ ಅಂಗನವಾಡಿಗೆ ಬರುವ ಗರ್ಭಿಣಿಯರಲ್ಲಿ ರಕ್ತಹೀನತೆ ಕಡಿಮೆಯಾದಂತೆ ಕಾಣುತ್ತಿಲ್ಲ. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು, ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರು): ಮೇಡಂ, ಅದು ಹಲವು ಗುರಿಗಳ ಸರಾಸರಿ. ವಿದ್ಯುತ್, ಅಡುಗೆ ಅನಿಲ, ಶೌಚಾಲಯಗಳಲ್ಲಿ ಆಗಿರುವ ನಿಜವಾದ ಪ್ರಗತಿ ಅಂಕವನ್ನು ಮೇಲೆತ್ತಿದಾಗ ಪೋಷಣೆಯ ಹಿನ್ನಡೆ ಅದರೊಳಗೆ ಮರೆಯಾಗಿಬಿಡುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ 2015–16ರಲ್ಲಿ ಶೇ 53ರಷ್ಟಿದ್ದ ರಕ್ತಹೀನತೆ 2019–21ರಲ್ಲಿ ಶೇ 57ಕ್ಕೆ ಏರಿತು. ನನ್ನನ್ನು ಬಹಳ ಕಾಡುವ ಸಂಖ್ಯೆ ಇದು.

ಉತ್ತರ (ಪಾಂಡವಪುರ): ನಾಲೆಯ ನೀರಿರುವ ನಮ್ಮ ಕಡೆ ಕಬ್ಬು, ಭತ್ತವೇ ಹೆಚ್ಚು, ಮನೆಯೂಟಕ್ಕೆ ಹುರುಳಿ, ಸೊಪ್ಪು ಬೆಳೆಯುವ ಜಾಗ ಕಿರಿದಾಗಿದೆ. ಕಬ್ಬಿಣಾಂಶದ ಮಾತ್ರೆಯ ಜೊತೆಗೇ ಕಾಫಿ ಕುಡಿಯಬಾರದೆಂದು ಹೇಳುವವರೂ ಬೇಕು.