ಇಬ್ಬರು ಪುಟ್ಟ ಮಕ್ಕಳು, ಒಂದು ರಾತ್ರಿ, ಒಳಾಂಗಣ ವಾಟರ್ ಪಾರ್ಕ್: ಹೋಗಬಹುದಾ?

ನಿದ್ದೆಗೆಟ್ಟವಳು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಒಳಾಂಗಣ ವಾಟರ್ ಪಾರ್ಕ್ ಇರುವ ಒಂದು ರೆಸಾರ್ಟ್‌ಗೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನವಾಗಿದೆ. ತೀರ್ಮಾನ ಅಂದರೆ, ನಮ್ಮನೆಯವರು ಬುಕ್ ಮಾಡಿ ಆಮೇಲೆ ನನಗೆ ಹೇಳಿದರು. ಒಂದು ರಾತ್ರಿ, ಎರಡು ಹಗಲು.

ದೊಡ್ಡವನಿಗೆ ನಾಲ್ಕೂವರೆ ವರ್ಷ. ನೀರು ಕಂಡರೆ ಹಿಂದೆಮುಂದೆ ನೋಡದೆ ಓಡುತ್ತಾನೆ. ಚಿಕ್ಕವಳಿಗೆ ಒಂದು ವರ್ಷ ಎಂಟು ತಿಂಗಳು. ತಲೆಗೆ ಒಂದು ಚೊಂಬು ನೀರು ಬಿದ್ದರೆ ಪಕ್ಕದ ಮನೆಯವರು ಬಂದು ವಿಚಾರಿಸುವ ಹಾಗೆ ಅಳುತ್ತಾಳೆ. ನನಗೆ ಈಜು ಬರುವುದಿಲ್ಲ. ನಮ್ಮನೆಯವರಿಗೆ ಬರುತ್ತದೆ. ಹಾಗಂತ ಅವರು ಹೇಳುತ್ತಾರೆ, ನಾನು ನೋಡಿಲ್ಲ.

ಇಬ್ಬರನ್ನೂ ನೀರಲ್ಲಿ ಹೇಗೆ ಸಂಭಾಳಿಸುವುದು? ಎಷ್ಟು ಹೊತ್ತು ಬಿಡಬಹುದು? ಚಿಕ್ಕವಳಿಗೆ ಅಲ್ಲಿ ಏನಾದರೂ ಇರುತ್ತದಾ, ಅಥವಾ ನಾನು ಅವಳನ್ನು ಎತ್ತಿಕೊಂಡು ಎರಡು ದಿನ ಮೂಲೆಯಲ್ಲಿ ಕೂರಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ. ಅಲ್ಲಿನ ಫೋಟೋಗಳಲ್ಲಿ ಎಲ್ಲ ಮಕ್ಕಳೂ ನಗುತ್ತಿದ್ದಾರೆ, ಅದಕ್ಕೇ ನಂಬಿಕೆ ಬರುತ್ತಿಲ್ಲ.

ಸೋಫಾ ಸನ್ಯಾಸಿ:

ಹೋಗಬೇಡಿ. ಚಿಕ್ಕವಳಿಗೆ ಏನೂ ನೆನಪಿರುವುದಿಲ್ಲ. ಮನೆಯ ಬಕೆಟ್ ಸಾಕು.

ಒದ್ದೆ ಟವೆಲ್:

ಮೇಲಿನವರು ಹೇಳಿದ್ದು ಅರ್ಧ ನಿಜ. ಮಗುವಿಗೆ ನೆನಪಿರುವುದಿಲ್ಲ. ಆದರೆ ಅಮ್ಮನಿಗೆ ನೆನಪಿರುತ್ತದೆ ಅಲ್ವಾ? ಹೋಗಿ ಬನ್ನಿ.

ನಾವು ಎರಡು ಸಲ ಹೋಗಿದ್ದೇವೆ. ಮೊದಲ ಸಲ ಮಗಳಿಗೆ ಐದು, ಮಗನಿಗೆ ಎರಡು. ಆ ಪ್ರವಾಸ ಪೂರ್ತಿ ಕೆಟ್ಟಿತು, ಕೆಡಿಸಿದ್ದು ನಾವೇ. ದುಡ್ಡು ಕೊಟ್ಟಿದ್ದೇವಲ್ಲ, ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ನೀರಲ್ಲೇ ಇರಬೇಕು ಅನ್ನುವ ಹಟ. ಹಟ ಮಕ್ಕಳದ್ದಲ್ಲ, ನಮ್ಮದು. ಮಧ್ಯಾಹ್ನ ಮೂರರ ಹೊತ್ತಿಗೆ ಮಗನ ತುಟಿ ನೀಲಿಯಾಗಿತ್ತು. ಮಗಳು ಕಣ್ಣು ಉಜ್ಜಿಕೊಂಡು ಉಜ್ಜಿಕೊಂಡು ಕೆಂಪು ಮಾಡಿಕೊಂಡಿದ್ದಳು. ಇಬ್ಬರೂ ಸಂಜೆಯೇ ಮಲಗಿಬಿಟ್ಟರು, ಬೆಳಗಿನ ಜಾವ ನಾಲ್ಕಕ್ಕೆ ಎದ್ದರು. ರೆಸಾರ್ಟ್ ರೂಮಿನಲ್ಲಿ ನಾಲ್ಕರಿಂದ ಏಳರವರೆಗೆ ಇಬ್ಬರು ಮಕ್ಕಳನ್ನು ಸದ್ದಿಲ್ಲದೆ ಆಡಿಸಿ ನೋಡಿ, ಗೊತ್ತಾಗುತ್ತದೆ.

ಎರಡನೇ ಸಲ ಬೆಳಿಗ್ಗೆ ಒಂದೂವರೆ ಗಂಟೆ, ಮಧ್ಯಾಹ್ನ ರೂಮಿನಲ್ಲಿ ಪರದೆ ಎಳೆದು ನಿದ್ದೆ, ಸಂಜೆ ಒಂದು ಗಂಟೆ. ಅಷ್ಟೇ. ಯಾರೂ ಅಳಲಿಲ್ಲ. ನಾನೂ ಅಳಲಿಲ್ಲ.

ಚಳಿಯ ವಿಷಯ ಮೊದಲೇ ಹೇಳುತ್ತೇನೆ, ಯಾಕೆಂದರೆ "ಒಳಗಡೆ ಬೆಚ್ಚಗಿರುತ್ತೆ" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಂಥ ಕಡೆ ನೀರನ್ನು ಸಾಮಾನ್ಯವಾಗಿ 28ರಿಂದ 30 ಡಿಗ್ರಿ ಇಡುತ್ತಾರೆ. ನಮ್ಮ ಮೈ 37. ಪುಟ್ಟ ಮೈ ಬಿಸಿಯನ್ನು ಬಹಳ ಬೇಗ ಕಳೆದುಕೊಳ್ಳುತ್ತದೆ. ನೀರಿನಿಂದ ಎದ್ದು ಒದ್ದೆಯಲ್ಲೇ ನಿಂತರೆ ಇನ್ನೂ ಜಾಸ್ತಿ. ನಡುಕ ಶುರುವಾದ ಮೇಲೆ ಹೊರಗೆ ತರುವುದಲ್ಲ, ಅದಕ್ಕೂ ಮೊದಲು. ಅರ್ಧ ಗಂಟೆಗೊಮ್ಮೆ ಎಬ್ಬಿಸಿ, ಒರೆಸಿ, ಒಣ ಟವೆಲ್ ಸುತ್ತಿ ಏನಾದರೂ ತಿನ್ನಿಸಿ. ಉದ್ದ ತೋಳಿನ ಈಜುಡುಗೆ ಇದ್ದರೆ ಒಳ್ಳೆಯದು.

ಪ್ರತಿ ಮಗುವಿಗೆ ಎರಡು ಜೊತೆ ಈಜುಡುಗೆ ಇರಲಿ. ಬೆಳಗಿನದು ಸಂಜೆಗೆ ಒಣಗುವುದಿಲ್ಲ. ಒದ್ದೆ ತಣ್ಣನೆ ಬಟ್ಟೆಯನ್ನು ಎರಡು ವರ್ಷದ ಮಗುವಿನ ಕಾಲಿಗೆ ಏರಿಸುವುದು ಎಂಥ ಕುಸ್ತಿ ಅನ್ನುವುದು ಮಾಡಿದವರಿಗೇ ಗೊತ್ತು.

ಬುಕ್ ಮಾಡಿದ ಕಡೆ ಫೋನ್ ಮಾಡಿ ಒಂದು ಮಾತು ಕೇಳಿ: ರೂಮ್ ಸಿಗುವ ಮೊದಲೇ ನೀರಿಗೆ ಬಿಡುತ್ತಾರಾ, ರೂಮ್ ಬಿಟ್ಟ ಮೇಲೂ ಇರಬಹುದಾ? ಬಹಳ ಕಡೆ ಎರಡಕ್ಕೂ ಒಪ್ಪುತ್ತಾರೆ. ಆಗ ಒಂದು ರಾತ್ರಿಯ ಪ್ರವಾಸದಲ್ಲಿ ನಿಜಕ್ಕೂ ಎರಡು ದಿನ ಸಿಗುತ್ತದೆ. ಈಜುಡುಗೆ, ಟವೆಲ್, ಡೈಪರ್ ಎಲ್ಲ ಒಂದು ಬೇರೆ ಕೈಚೀಲದಲ್ಲಿ ಮೇಲೇ ಇರಲಿ. ನಾವು ಮೊದಲ ಸಲ ಲಾಬಿಯ ನಟ್ಟನಡುವೆ ಸೂಟ್‌ಕೇಸ್ ಬಿಚ್ಚಿ ಒಳಚಡ್ಡಿ ಹರಡಿಕೊಂಡು ಹುಡುಕಿದ್ದೆವು.

ಮತ್ತೆ ಸದ್ದು! ಇದನ್ನು ಯಾರೂ ಹೇಳುವುದಿಲ್ಲ. ಮೇಲೆ ಛಾವಣಿ ಇರುವುದರಿಂದ ಕಿರುಚಾಟವೆಲ್ಲ ತಿರುಗಿ ನಮ್ಮ ಮೇಲೇ ಬೀಳುತ್ತದೆ. ಆಟದ ಕಟ್ಟೆಯ ಮೇಲೆ ಒಂದು ದೊಡ್ಡ ಬಕೆಟ್ ಇರುತ್ತದೆ, ತುಂಬಿದಾಗ ಮಗುಚಿ ನೂರಾರು ಲೀಟರ್ ನೀರು ಒಟ್ಟಿಗೆ ಸುರಿಯುತ್ತದೆ. ಅದಕ್ಕೆ ಮುಂಚೆ ಗಂಟೆ ಹೊಡೆಯುವುದುಂಟು. ಮೊದಲು ದೂರ ನಿಂತು ಎರಡು ಸಲ ತೋರಿಸಿ, ಆಮೇಲೆ ಒಳಗೆ ಕರೆದುಕೊಂಡು ಹೋಗಿ. ನಿಮ್ಮ ಚಿಕ್ಕವಳಂಥವರಿಗೆ ಪಾದ ಮುಳುಗುವಷ್ಟು ನೀರಿನ ಜಾಗ, ಪುಟ್ಟ ಕಾರಂಜಿ, ನಾಲ್ಕು ಮೆಟ್ಟಿಲಿನ ಜಾರುಬಂಡೆ ಇರುತ್ತವೆ. ಒಂದು ಖಾಲಿ ಲೋಟ ಕೊಡಿ. ನೀರು ತುಂಬುವುದು, ಚೆಲ್ಲುವುದು, ಅದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಹಳೇ ಸೀಟಿ:

ನಾನು ಆರು ವರ್ಷ ಕೊಳದ ಪಕ್ಕ ಸೀಟಿ ಹಿಡಿದು ಕೂತವನು. ಒದ್ದೆ ಟವೆಲ್ ಮೇಡಂ ಚೆನ್ನಾಗಿ ಬರೆದಿದ್ದಾರೆ, ಆದರೆ ಮುಖ್ಯವಾದದ್ದು ಬಿಟ್ಟಿದ್ದಾರೆ. ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮುಳುಗುವ ಮಗು ಕೂಗುವುದಿಲ್ಲ. ಕೈ ಬೀಸುವುದಿಲ್ಲ. ಉಸಿರಿಗೇ ಪರದಾಡುವಾಗ ಕೂಗು ಎಲ್ಲಿಂದ ಬರಬೇಕು? ನಿಮ್ಮ ಪಕ್ಕದಲ್ಲೇ, ಸದ್ದಿಲ್ಲದೆ, ಒಂದು ನಿಮಿಷದೊಳಗೆ ಮುಗಿದುಹೋಗಬಹುದು. ಒಂದರಿಂದ ನಾಲ್ಕು ವರ್ಷದ ಮಕ್ಕಳೇ ಅತಿ ಹೆಚ್ಚು ಅಪಾಯದಲ್ಲಿರುವವರು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಮ್ಮ ಕೆಲಸದಲ್ಲಿ "ಹತ್ತು-ಇಪ್ಪತ್ತು" ಅಂತ ಒಂದು ಲೆಕ್ಕ ಇದೆ. ಕಾವಲುಗಾರ ತನ್ನ ಪಾಲಿನ ನೀರನ್ನು 10 ಸೆಕೆಂಡಿನಲ್ಲಿ ಒಂದು ಸಲ ಪೂರ್ತಿ ನೋಡಬೇಕು, ಅಪಾಯ ಕಂಡರೆ 20 ಸೆಕೆಂಡಿನಲ್ಲಿ ಅಲ್ಲಿಗೆ ತಲುಪಬೇಕು. ಒಳ್ಳೆಯ ಲೆಕ್ಕ. ಆದರೆ ಅವನ ಮುಂದೆ ಅರವತ್ತು ತಲೆಗಳಿರುತ್ತವೆ. ನಿಮ್ಮ ಮುಂದೆ ಒಂದೇ. ಆದ್ದರಿಂದ ಒಬ್ಬ ದೊಡ್ಡವರಿಗೆ ಒಂದು ಮಗು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಗಂಡ ಹೆಂಡತಿ ಇಬ್ಬರೂ ಇದ್ದಾಗಲೇ ಎಡವಟ್ಟು ಜಾಸ್ತಿ. ಅವರು ನೋಡುತ್ತಿದ್ದಾರೆ ಅಂತ ಇವರು, ಇವರು ನೋಡುತ್ತಿದ್ದಾರೆ ಅಂತ ಅವರು. ಮಗುವನ್ನು ಒಪ್ಪಿಸುವಾಗ ಬಾಯಿಬಿಟ್ಟು "ಈಗ ನೀವು ನೋಡಿಕೊಳ್ಳಿ" ಅನ್ನಿ. ಅವರು "ಸರಿ" ಅಂದ ಮೇಲೆಯೇ ಅಲ್ಲಿಂದ ಕದಲಿ.

ಗಾಳಿ ತುಂಬುವ ತೋಳುಪಟ್ಟಿ ಆಟದ ಸಾಮಾನು, ಅಷ್ಟೇ. ಜಾರಿ ಬರುತ್ತದೆ, ಗಾಳಿ ಹೋಗುತ್ತದೆ. ಲೈಫ್ ಜಾಕೆಟ್ ಹಾಕಿ, ಬಹಳ ಕಡೆ ಅವರೇ ಕೊಡುತ್ತಾರೆ. ಬಕಲ್ ಹಾಕಿ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಏರಿ ಬಂದರೆ ಅದು ದೊಡ್ಡದು, ಬೇರೆ ಕೇಳಿ. ಜಾಕೆಟ್ ಇದೆ ಅಂತ ದೂರ ಹೋಗಬೇಡಿ.

ಈಜುಡುಗೆ ಕಿತ್ತಳೆಯೋ ಕಡು ಗುಲಾಬಿಯೋ ಇರಲಿ. ತಿಳಿನೀಲಿ, ಬಿಳಿ ಬೇಡ. ನೀರಿನ ಕೆಳಗೆ ಅವು ಕಾಣುವುದೇ ಇಲ್ಲ.

ಈಜು ಬರದ ನೀವು ಚಿಕ್ಕವಳ ಜೊತೆ ಪಾದದಷ್ಟು ನೀರಲ್ಲಿ ಕೂರಿ. ನಿಲ್ಲಬೇಡಿ, ಕೂರಿ. ಕೂತರೆ ಅವಳೂ ಹೆದರುವುದಿಲ್ಲ, ನಿಮ್ಮ ಕೈಯಲ್ಲಿ ಫೋನೂ ಇರುವುದಿಲ್ಲ. ದೊಡ್ಡವನನ್ನು ಅವರಪ್ಪ ನೋಡಿಕೊಳ್ಳಲಿ. ಅಲೆಯ ಕೊಳದಲ್ಲಿ ಅಂಚಿನ ಹತ್ತಿರ ಮಾತ್ರ, ಕೈ ಹಿಡಿದು. ಟ್ಯೂಬಿನ ಮೇಲೆ ಕೂತು ತೇಲಿಕೊಂಡು ಹೋಗುವ ಕಾಲುವೆ ಇರುತ್ತದಲ್ಲ, ಅದು ಸಾಧು ಥರ ಕಾಣುತ್ತದೆ, ಆದರೆ ಕೆಳಗೆ ಸೆಳೆತ ಇರುತ್ತದೆ. ಮಗು ಟ್ಯೂಬಿನಿಂದ ಜಾರಿದರೆ ನಾಲ್ಕಾರು ಟ್ಯೂಬುಗಳ ಅಡಿಯಲ್ಲಿ ಹುಡುಕಬೇಕಾಗುತ್ತದೆ.

ಜಾರುಬಂಡೆಗಳ ಎತ್ತರದ ನಿಯಮ ಮನೆಯಲ್ಲೇ ನೋಡಿಕೊಂಡು, ಮಗನನ್ನು ಅಳೆದು, ಅವನಿಗೆ ಹೇಳಿಯೇ ಹೊರಡಿ. ಮೆಟ್ಟಿಲು ಹತ್ತಿ ಸಾಲಲ್ಲಿ ನಿಂತ ಮೇಲೆ "ನೀನು ಗಿಡ್ಡ" ಅನ್ನಿಸಿಕೊಂಡರೆ ಯಾರಿಗೆ ಸಿಟ್ಟು ಬರುವುದಿಲ್ಲ? ಸಿಬ್ಬಂದಿಯ ಜೊತೆ ವಾದ ಮಾತ್ರ ಮಾಡಬೇಡಿ. ನಾನು ಆ ಬೈಗುಳಗಳನ್ನು ಬೇಕಾದಷ್ಟು ತಿಂದಿದ್ದೇನೆ.

ನಿದ್ದೆಗೆಟ್ಟವಳು:

ಸೀಟಿ ಸರ್, ಓದಿ ಭಯವಾಯಿತು, ಆದರೂ ಥ್ಯಾಂಕ್ಸ್. ನಮ್ಮನೆಯವರಿಗೆ ಎರಡು ಸಲ ಓದಿಸಿದೆ. ಇನ್ನೊಂದು ಪ್ರಶ್ನೆ: ಚಿಕ್ಕವಳಿಗೆ ಇನ್ನೂ ಡೈಪರ್. ಮನೆಯಲ್ಲಿ ಹಾಕುವುದೇ ನಡೆಯುತ್ತದಾ? ಮತ್ತೆ ಆ ಕ್ಲೋರಿನ್ ವಾಸನೆ ಮಕ್ಕಳಿಗೆ ಒಳ್ಳೆಯದಲ್ಲ ಅಂತ ನಮ್ಮತ್ತೆ ಹೇಳುತ್ತಿದ್ದಾರೆ.

ಒದ್ದೆ ಟವೆಲ್:

ಮನೆಯದು ಬೇಡವೇ ಬೇಡ. ಅದು ಕೊಳದ ನೀರನ್ನೆಲ್ಲ ಹೀರಿ ಕುಂಬಳಕಾಯಿಯಾಗುತ್ತದೆ, ಆಮೇಲೆ ಒಡೆದು ಒಳಗಿನ ಜೆಲ್ ಎಲ್ಲ ಹೊರಗೆ. ಈಜಿಗೆ ಅಂತಲೇ ಬೇರೆ ಡೈಪರ್ ಸಿಗುತ್ತದೆ. ಅದು ಮೂತ್ರ ತಡೆಯುವುದಿಲ್ಲ, ಗಟ್ಟಿಯಾದದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಆದ್ದರಿಂದ ಗಂಟೆಗೊಮ್ಮೆ ನೋಡಿ. ಬದಲಿಸುವುದು ಬಚ್ಚಲಲ್ಲಿ, ಕೊಳದ ದಂಡೆಯಲ್ಲಲ್ಲ. ನೀರಿಗಿಳಿಯುವ ತನಕ ಹಾಕಬೇಡಿ, ಕಾರಿನ ಸೀಟು ಒದ್ದೆಯಾಗುತ್ತದೆ. ಅನುಭವದ ಮಾತು.

ನಿಮ್ಮತ್ತೆಯವರು ಹೇಳಿದ್ದು ಪೂರ್ತಿ ತಪ್ಪೇನಲ್ಲ. ಆದರೆ ಆ ಘಾಟು ಬರೀ ಕ್ಲೋರಿನ್‌ನದಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್ ಅಂತ ಆಗುತ್ತದೆ. ಕಣ್ಣು ಉರಿ, ಕೆಮ್ಮು ಅದರಿಂದಲೇ. ಅದು ನೀರಿನ ಮೇಲ್ಮೈಗೆ ಅಂಟಿಕೊಂಡೇ ಇರುತ್ತದೆ, ಮಕ್ಕಳ ಮೂಗು ಇರುವುದೂ ಅಲ್ಲೇ. ಗಾಳಿ ಚೆನ್ನಾಗಿ ಆಡಿಸುವ ಜಾಗದಲ್ಲಿ ಘಾಟು ಕಡಿಮೆ ಇರುತ್ತದೆ. ಬಾಗಿಲಲ್ಲೇ ಕಣ್ಣು ಚುರುಗುಟ್ಟಿದರೆ ಬೇಗ ಹೊರಗೆ ಬನ್ನಿ, ಉಬ್ಬಸ ಇರುವ ಮಕ್ಕಳಾದರೆ ಇನ್ನೂ ಬೇಗ. ಇಳಿಯುವ ಮುಂಚೆ ಎಲ್ಲರೂ ಒಂದು ನಿಮಿಷ ಶವರ್ ಕೆಳಗೆ ನಿಲ್ಲಿ, ಬೆವರಿನ ಪಾಲು ಅಲ್ಲೇ ತೊಳೆದುಹೋಗುತ್ತದೆ.

ಹಳೇ ಸೀಟಿ:

ಇದಕ್ಕೆ ಒಂದು ಸೇರಿಸುತ್ತೇನೆ. ಯಾರಿಗಾದರೂ ಭೇದಿ ಇದ್ದರೆ ನೀರಿಗೆ ಇಳಿಸಲೇಬೇಡಿ. ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಕ್ಲೋರಿನ್ ಸರಿಯಾಗಿರುವ ನೀರಲ್ಲೂ ಏಳು ದಿನಕ್ಕಿಂತ ಜಾಸ್ತಿ ಬದುಕುತ್ತದೆ. ಅದರಿಂದ ಬಂದ ಭೇದಿಯಾದರೆ ನಿಂತ ಮೇಲೂ ಎರಡು ವಾರ ನೀರಿಗೆ ಇಳಿಸಬಾರದು. ನೀರು ಕುಡಿಯಬೇಡ ಅಂತ ದೊಡ್ಡವನಿಗೆ ಹೇಳಿಡಿ. ಕುಡಿದೇ ಕುಡಿಯುತ್ತಾನೆ, ಆದರೂ ಹೇಳಿ.

ನಿದ್ದೆಗೆಟ್ಟವಳು:

ಹೋಗಿ ಬಂದೆವು! ಯಾರಿಗೂ ಜ್ವರವಿಲ್ಲ. ನನಗೆ ಮಾತ್ರ ಸೊಂಟ ನೋವು.

ಅಳುವವಳು ಅಳಲಿಲ್ಲ. ಲೋಟದ ಉಪಾಯ ನಡೆಯಿತು. ಪಾದದಷ್ಟು ನೀರಲ್ಲಿ ನಾನು ಕೂತೆ, ಅವಳು ನನ್ನ ತಲೆಗೆ ಲೋಟಲೋಟ ನೀರು ಸುರಿದಳು. ಮನೆಯ ಸ್ನಾನದ ಸೇಡೆಲ್ಲ ತೀರಿಸಿಕೊಂಡಳು. ನೀರಿಗೆ ಓಡುತ್ತಾನೆ ಅಂತ ನಾನು ಹೆದರಿದ್ದು ಯಾರಿಗೆ? ಅವನು ಬಕೆಟ್ ಮಗುಚಿದ ಸದ್ದಿಗೆ ಅವರಪ್ಪನ ಕುತ್ತಿಗೆ ಹಿಡಿದವನು ಮೊದಲ ದಿನ ಬಿಡಲೇ ಇಲ್ಲ. ದೂರದಿಂದ ತೋರಿಸಿ ಅಂದಿದ್ದಿರಿ, ನಾನು ಮರೆತೆ. ಎರಡನೇ ದಿನ ಬೆಳಿಗ್ಗೆ ಗಂಟೆ ಹೊಡೆದಾಗಲೆಲ್ಲ ತಾನೇ ಕಿವಿ ಮುಚ್ಚಿಕೊಂಡು "ಬರ್ತಾ ಇದೆ" ಅಂತ ಎಲ್ಲರಿಗೂ ಎಚ್ಚರಿಕೆ ಕೊಡುತ್ತಿದ್ದ.

ನಮ್ಮನೆಯವರಿಗೆ ಈಜು ಬರುತ್ತದೆ. ಅಷ್ಟೇನೂ ಚೆನ್ನಾಗಿ ಅಲ್ಲ.

ಒಂದೇ ರಂಪ ಆಗಿದ್ದು ಜಾರುಬಂಡೆಯ ಹತ್ತಿರ. ನಿಯಮ 107 ಸೆಂಟಿಮೀಟರ್, ಇವನು 104. ಮನೆಯಲ್ಲೇ ಹೇಳಿದ್ದೆವು, ತಲೆಯಾಡಿಸಿದ್ದ. ಅಲ್ಲಿ ಹೋದ ಮೇಲೆ ನೆಲಕ್ಕೆ ಬಿದ್ದು ಹೊರಳಿದ. ಈಗ ಬಂದ ದಿನದಿಂದ ಹಲ್ಲುಜ್ಜುವ ಮುಂಚೆ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲುತ್ತಾನೆ, ನಾನು ಪೆನ್ಸಿಲಲ್ಲಿ ಗೆರೆ ಎಳೆಯಬೇಕು. ಒಂಬತ್ತು ಗೆರೆ ಆಗಿವೆ, ಒಂದರ ಮೇಲೊಂದು. ಮೂರು ಸೆಂಟಿಮೀಟರ್ ಬೆಳೆಯಲು ಎಷ್ಟು ದಿನ ಬೇಕು, ಯಾರಿಗಾದರೂ ಗೊತ್ತಾ?

ಹಳೇ ಸೀಟಿ:

ಈ ವಯಸ್ಸಿನಲ್ಲಿ ವರ್ಷಕ್ಕೆ ಆರೇಳು ಸೆಂಟಿಮೀಟರ್ ಬೆಳೆಯುತ್ತಾರೆ. ಹತ್ತಿರ ಹತ್ತಿರ ಆರು ತಿಂಗಳು ಅಂದುಕೊಳ್ಳಿ. ಅಳೆಯುವಾಗ ಹಿಮ್ಮಡಿ ಎತ್ತುತ್ತಾನಾ ನೋಡಿ.

ನಿದ್ದೆಗೆಟ್ಟವಳು:

ಎತ್ತುತ್ತಾನೆ.