ಅಪ್‌ಡೇಟ್: ಡೈ ಬಿಟ್ಟೆ, ಜೀನ್ಸ್ ತಂದೆ
ಹೋದ ತಿಂಗಳು ಕೇಳಿದ್ದೆನಲ್ಲ, 56ರ ವಯಸ್ಸು, ಡೈ ಹಚ್ಚಿದರೆ ನೆತ್ತಿ ತುರಿಸುತ್ತದೆ, ಬಟ್ಟೆಯೆಲ್ಲ ದೊಗಳೆ, ಏನು ಮಾಡಲಿ ಅಂತ? ಡೈ ಬಿಟ್ಟೆ. ಬಹಳಷ್ಟು ಕಪ್ಪು ಡೈಗಳಲ್ಲಿ ಇರುವ ಪಿಪಿಡಿ ಅನ್ನೋ ರಾಸಾಯನಿಕ ನನಗೆ ಒಗ್ಗಲ್ಲ ಅಂದರು ಚರ್ಮದ ಡಾಕ್ಟರು. ಮೊದಲೇ ಸ್ವಲ್ಪ ಹಚ್ಚಿ 48 ಗಂಟೆ ನೋಡಬೇಕಿತ್ತಂತೆ. ಪೊಟ್ಟಣದ ಮೇಲೆ ಬರೆದೇ ಇತ್ತು, ಓದುವವರು ಯಾರು!

ಈಗ ಕೂದಲು ಸಣ್ಣಗೆ ಕತ್ತರಿಸಿದೆ. ಬಿಳಿ ಮೀಸೆ ಹಾಗೇ ಇದೆ, ತುದಿ ಮಾತ್ರ ಟ್ರಿಮ್.

ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲೇ ಹುಟ್ಟಿ ಇದುವರೆಗೂ ಒಂದು ಜೀನ್ಸ್ ಹಾಕಿರಲಿಲ್ಲ ನೋಡಿ. ತೆಳು ಬಟ್ಟೆಯದ್ದೇ ತಂದೆ, ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ಅಲ್ವಾ. ಕೆಳಗೆ ಎರಡಿಂಚು ಮಡಿಚಿ ಹೊಲಿಸಿದೆ.

"ರೀ, ಯಾರ ಮದುವೆ?" ಅಂದಳು ಮನೆಯಾಕೆ. ಸುಮ್ನೆ ನಕ್ಕೆ. ಮರುದಿನ ನನ್ನ ಹಳೇ ಪ್ಯಾಂಟು ನೆಲ ಒರೆಸುತ್ತಿತ್ತು.